ನೆಲಕ್ಕ ಬಿದ್ದಾಗ ಎದುರಿನಾಂವ ಚಾಕು ತಗದ್ರ? ಖರೇ ತಾಲೀಮು ಹೆಂಗ ಮಾಡಬೇಕ್ರಿ

ಉಣಕಲ್_ಪಟ್ಟು:
ಎಲ್ಲಾರಿಗೂ ನಮಸ್ಕಾರ್ರಿ. ಸ್ವಲ್ಪ ಉದ್ದ ಐತಿ, ಪೂರ್ತಿ ಓದ್ರಿ. ನಾನು ಸಣ್ಣಾಂವ ಇದ್ದಾಗ ನಮ್ಮೂರ ಗರಡಿಮನ್ಯಾಗ ನಾಕ ವರ್ಷ ಮಣ್ಣಿನ ಕುಸ್ತಿ ಹಿಡದಾಂವ. ಕೆಲಸಕ್ಕಂತ ಹುಬ್ಬಳ್ಳಿಗೆ ಬಂದ ಮ್ಯಾಲ ಎರಡೂವರಿ ವರ್ಷದಿಂದ ಬ್ರೆಜಿಲಿಯನ್ ಜಿಯು ಜಿಟ್ಸು (ನೆಲದ ಮ್ಯಾಲ ಹಿಡದು ಸೋಲಸೂ ಕುಸ್ತಿ) ಕಲಿಯಾಕತ್ತೇನಿ, ಏಳೆಂಟ ಮಂದಿ ಕೂಡಿ ಒಂದು ಹಾಲ್ ಬಾಡಗಿ ಹಿಡದು ಮ್ಯಾಟ್ ಹಾಕ್ಕೊಂಡು ಮಾಡ್ತೀವಿ. ನೆಲದ ಮ್ಯಾಲ ನಾನು ಚಲೋ ಇದ್ದೇನಿ ಅಂತ ನಂಬಿದ್ದೆ.

ಹೋದ ರವಿವಾರ ಗೆಳ್ಯಾ ಒಬ್ಬಾಂವ ನನಗ ಹೇಳದ ಚಡ್ಡಿ ಹಿಂದ ರಬ್ಬರ್ ಚಾಕು ಸಿಗಿಸ್ಕೊಂಡು ಬಂದಿದ್ದ. ನಾನು ಅಂಗಾತ ಬಿದ್ದು ಎರಡೂ ಕಾಲು ಅವನ ಟೊಂಕಕ್ಕ ಸುತ್ತಿ ಕ್ಲೋಸ್ಡ್ ಗಾರ್ಡ್ ಹಿಡದಿದ್ದೆ. ಅಂವ ಒಂದು ಕೈ ಹಿಂದ ಒಯ್ದ. ನನ್ನ ಕಾಲು ಬಿಡಿಸಾಕ ನೋಡಾಕತ್ತಾನ ಅಂತ ತಿಳದು ನಾನು ಕಾಲರ್ ಹಿಡದು ಚೋಕ್ ಹಾಕಾಕ, ಅಂದ್ರ ಕುತ್ತಿಗಿ ಬಿಗಿಯಾಕ ಹೋದೆ. ಮೂಲ್ಯಾಗ ಮೊಬೈಲ್ ಇಟ್ಟು ವಿಡಿಯೋ ಮಾಡಿದ್ರು, ನೋಡಿದ್ರ ಹತ್ತು ಸೆಕೆಂಡಿನ್ಯಾಗ ಹದಿನಾಲ್ಕು ಸಲ ಚುಚ್ಯಾನ, ಎಲ್ಲಾ ಪಕ್ಕೆಲುಬಿನ ಕೆಳಗ. ನನಗ ಗೊತ್ತಾಗಿದ್ದು ಮೂರೋ ನಾಕೋ. ಅವತ್ತ ರಾತ್ರಿ ನಿದ್ದಿ ಹತ್ತಲಿಲ್ರಿ.

ಯೂಟ್ಯೂಬ್ ನ್ಯಾಗ ಹುಡುಕಿದ್ರ ಎಲ್ಲಾ ಒಂದ ನಮೂನಿ, ಚಾಕು ಹಿಡದಾಂವ ಒಮ್ಮೆ ಚುಚ್ಚಿ ಕೈ ಹಂಗ ಗಾಳ್ಯಾಗ ಬಿಟ್ಟು ನಿಂತಿರ್ತಾನ, ಮಾಸ್ತರು ಅವನ ಕೈ ತಿರುವಿ ಚಾಕು ಕಸ್ಗೋತಾರ. ನನ್ನ ಗೆಳ್ಯಾ ಹಂಗೇನ ನಿಲ್ಲಲಿಲ್ಲ. ಎಡಗೈಲೆ ನನ್ನ ಅಂಗಿ ಹಿಡದು ಬಲಗೈ ಹೊಲಿಗಿ ಮಷೀನ್ ಸೂಜಿ ಹಂಗ ಆಡಿಸಿದ. ಹಿಂಗ ಖರೇ ವಿರೋಧ ಮಾಡೋರ ಕೂಡ, ಪೆಟ್ಟಾಗದಂಗ, ನೆಲದ ಮ್ಯಾಲಿನ ಪ್ರ್ಯಾಕ್ಟೀಸ್ ಹೆಂಗ ಮಾಡೂದು? ಅನುಭವ ಇದ್ದೋರು ಹೇಳ್ರಿ.

ದುರ್ಗದಬೈಲ್_71:
ಚಾಕು ಕಂಡ್ರ ಓಡಬೇಕು ತಮ್ಮಾ. ಅಷ್ಟ.

ಉಣಕಲ್_ಪಟ್ಟು:
ಅಣ್ಣಾ ನಿಂತಿದ್ರ ನಾನೂ ಓಡತೇನಿ, ಅದರಾಗ ವಾದ ಇಲ್ಲ. ಎದಿ ಮ್ಯಾಲ 80 ಕೆಜಿ ಮನಷಾ ಕುಂತಾಗ ಎಲ್ಲಿ ಓಡೂದು? ಪ್ರಶ್ನಿ ಅದ ಐತಿ.

ಬೆಟಗೇರಿ_ತಾಲೀಮು:
ಮೂವತ್ತು ವರ್ಷ ಕಣಕ್ಕ ಇಳದಾಂವ ನಾನು, ಈಗ ಹುಡುಗರಿಗೆ ಹೇಳಿ ಕೊಡ್ತೇನಿ. ನಿನ್ನ ವಿಡಿಯೋದಾಗ ಏನಾಗಿರಬೇಕು ಅನ್ನೂದು ನೋಡದನೂ ಹೇಳಬಹುದು. ಆಟದ ರೂಢಿ ಕೈ ಕೊಟ್ಟಿರತೈತಿ.

ನಮ್ಮ ಕುಸ್ತ್ಯಾಗ ಡುಬ್ಬ ನೆಲಕ್ಕ ಹತ್ತಿದ್ರ ಸೋತಂಗ, ಅದಕ್ಕ ಬಿದ್ದ ಕೂಡ್ಲೆ ಪೈಲವಾನ ಬಕ್ಕಬಾರ್ಲೆ ತಿರಗತಾನ, ಎರಡೂ ಮೊಣಕೈ ಒಳಗ ತಗೊಂಡು ಕಲ್ಲಿನಂಗ ಕುಂದರತಾನ. ಮ್ಯಾಲಿನವಗ ತಿರುವಾಕ ಆಗೂದುಲ್ಲ. ನಿಕಾಲಿ ಕುಸ್ತ್ಯಾಗ, ಅಂದ್ರ ಚಿತ್ ಆಗೂ ತನ ಆಡೂ ಕುಸ್ತ್ಯಾಗ, ಅದು ಬರೋಬ್ಬರಿ. ಚಾಕು ಇದ್ದಾಂವಗ ಮಾತ್ರ ಪೂರಾ ಡುಬ್ಬ, ಕುತ್ತಿಗಿ, ಕಿಡ್ನಿ ಎಲ್ಲಾ ತಾಟಿನ್ಯಾಗ ಬಡಿಸಿ ಕೊಟ್ಟಂಗಾತು, ಮತ್ತ ಅವನ ಕೈ ಎಲ್ಲೈತಿ ಅಂತ ನಿನಗ ಕಾಣೂದ ಇಲ್ಲ. ನಿಮ್ಮ ಬ್ರೆಜಿಲ್ ಆಟದಾಗ ಇದರ ಉಲ್ಟಾ, ನೀವಾಗೇ ಅಂಗಾತ ಬಿದ್ದು ಹೊಟ್ಟಿ ತೋರಿಸ್ತೀರಿ. ಎರಡೂ ಆಟದ ಒಳಗ ಎದುರಿನವನ ಕೈ ಖಾಲಿ ಇರತಾವ ಅಂತ ಒಪ್ಪಂದ ಮಾಡಿಕೊಂಡ ನಾವು ಇಳಿಯೂದು.

ನಾನು ಹುಡುಗರಿಗೆ ಹೇಳೂದು ಇಷ್ಟ: ಮೊದಲ ಕೈ ಹುಡುಕು. ಚೋಕ್ ಬ್ಯಾಡ, ಕಾಲು ಬ್ಯಾಡ, ಡಾವ್ ಬ್ಯಾಡ, ಅವನ ಎರಡೂ ಕೈ ನಿನಗ ಕಾಣಬೇಕು. ಒಂದು ಕೈ ಕಾಣವಲ್ದು ಅಂದ್ರ ಅದರಾಗ ಏನೋ ಐತಿ ಅಂತ ತಿಳದು ಅದ ಕೈ ಮ್ಯಾಲ ಬೀಳು. ಕಿಸೆದಾಗಿಂದ ಹೊರಗ ಬರೂಕಿಂತ ಮೊದಲ ಒತ್ತಿ ಹಿಡದ್ರ ಅರ್ಧ ಕೆಲಸ ಆತು.

ಬ್ಯಾಡಗಿ_ಖಾರ:
ಇಷ್ಟೆಲ್ಲಾ ಯಾಕ್ರಿ? ಕ್ರಾವ್ ಮಗಾ ಅಂತ ಇಸ್ರೇಲಿನ ಆತ್ಮರಕ್ಷಣೆ ಪದ್ಧತಿ ಐತಿ, ಅದರದ್ದು ಮೂರು ತಿಂಗಳ ಕೋರ್ಸ್ ಮಾಡ್ರಿ, ಚಾಕು ಕಸಗೊಳ್ಳೂದು ಆರೇಳು ನಮೂನಿ ಕಲಿಸ್ತಾರ. ನಾನು ಕಲತೇನಿ. ಮಣಿಕಟ್ಟು ಹಿಡದು ಒಳಗ ಮಡಚಿದ್ರ ಚಾಕು ತಾನ ಕೆಳಗ ಬೀಳತೈತಿ. ಜಿಯು ಜಿಟ್ಸು ಅನ್ನೂದು ಮ್ಯಾಟ್ ಮ್ಯಾಲಿನ ಆಟ.

ಸಪ್ತಾಪುರ_ಜೂಡೋ:
@ಬ್ಯಾಡಗಿ_ಖಾರ ಅಣ್ಣಾರ, ಆ ಆರೇಳು ನಮೂನಿ ನಿಮಗ ಯಾರರ ಜೋರ್ಲೆ ಕೈ ಎಳಕೊಳ್ಳೋರ ಮ್ಯಾಲ ಎಂದರ ನಡದಾವೇನ್ರಿ? ಇದು ಚುಚ್ಚು ಮಾತಲ್ರಿ, ಖರೇನ ಕೇಳಾಕತ್ತೇನಿ.

ನಾನು ಧಾರವಾಡದಾಗ ಹನ್ನೊಂದು ವರ್ಷದಿಂದ ಜೂಡೋ ಮಾಡ್ತೇನಿ. ನಮ್ಮೊಳಗೂ ಚಾಕುವಿನ ಪಾಠ ಅದ. ಕಿಮೆ ನೋ ಕತಾ ಅಂತ 20 ಪಟ್ಟಿನ ಸರಣಿ, ಅದರಾಗ 8 ಮೊಣಕಾಲ ಮ್ಯಾಲ ಕುಂತು ಮಾಡೂವು, ಆ ಎಂಟರಾಗ ಮೂರು ಕಠಾರಿ ವಿರುದ್ಧ. ಅದಾದ ಮ್ಯಾಲ 1956ರಾಗ ಜಪಾನಿನ ಜೂಡೋ ಮೂಲ ಸಂಸ್ಥೆ ಕೊಡೋಕಾನ್ ದವರು ಗೋಶಿನ್ ಜುತ್ಸು ಅಂತ 21 ಪಟ್ಟಿಂದು ಮಾಡಿದ್ರು, ಅದರಾಗೂ ಚಾಕುವಿಗೆ ಮೂರು ಅವ. ಭಾಳ ಚಂದ ಕಾಣತಾವ, ದೂರ ಎಷ್ಟಿರಬೇಕು, ಮೈ ಹೆಂಗ ಹೊಳ್ಳಿಸಬೇಕು ಅನ್ನೂದು ಕಲಸತಾವ. ಆದ್ರ ಕತಾ ಅಂದ ಮ್ಯಾಲ ಇಬ್ಬರೂ ಮೊದಲ ಮಾತಾಡಿಕೊಂಡಿರ್ತಾರ, ಯಾವ ಕೈ, ಯಾವ ಕಡಿಂದ, ಎಷ್ಟೊತ್ತಿಗೆ ಅಂತ. ರಂದೋರಿ ಅಂದ್ರ ಬಿಟ್ಟ ಕುಸ್ತಿ, ಅದರಾಗ ಚಾಕು ಇಲ್ಲ. ನನಗ ಬೇಕಾಗಿದ್ದು ಇವೆರಡರ ನಡುವಿಂದು, ಅದನ್ನ ಯಾರೂ ಹೇಳಿಕೊಡಲಿಲ್ಲ.

2024ರ ಏಪ್ರಿಲ್, ಮೇ ಎರಡು ತಿಂಗಳದಾಗ ಹುಬ್ಬಳ್ಳಿಯೊಳಗ ಇಬ್ರು ಹುಡುಗ್ಯಾರನ್ನ ಚಾಕುಲೇ ಕೊಂದ್ರು, ನಿಮಗೆಲ್ಲಾ ನೆನಪ ಅದ. ಅದರ ಮರುವಾರ ನಮ್ಮ ಕ್ಲಾಸಿಗೆ ಹದಿನೇಳು ಹುಡುಗ್ಯಾರು ಹೊಸದಾಗಿ ಬಂದ್ರು, ತಾಯಂದಿರು ಬಾಗಲದಾಗ ನಿಂತಿದ್ರು. ಅವರಿಗೆ ಮಣಿಕಟ್ಟು ಮಡಚೂದು ಕಲಿಸಿ ಮನಿಗೆ ಕಳಸಾಕ ನನಗ ಮನಸ್ಸು ಬರಲಿಲ್ಲ. ಸುಳ್ಳು ಧೈರ್ಯ ಕೊಟ್ಟಂಗ ಆಗತದ. ಅದಕ್ಕ ಈ ಪ್ರಶ್ನಿ ನನಗೂ ಭಾಳ ಬೇಕಾಗಿದ್ದು.

ಬ್ಯಾಡಗಿ_ಖಾರ:
ಅಕ್ಕಾರ, ಜೋರ್ಲೆ ಎಳಕೊಂಡೋರ ಮ್ಯಾಲ ಮಾಡಿ ನೋಡಿಲ್ಲ. ಇದ್ದದ್ದು ಇದ್ದಂಗ ಹೇಳಾಕತ್ತೇನಿ. ಆದ್ರ ಕಲಿಸಿದೋರು ನಡೀತೈತಿ ಅಂತ ಹೇಳಿದ್ರು.

ಕ್ಯಾಜುವಾಲ್ಟಿ_ನೈಟ್_ಡ್ಯೂಟಿ:
ನಾನು ಸ್ಟಾಫ್ ನರ್ಸ್, ಹುಬ್ಬಳ್ಳ್ಯಾಗ. ಕುಸ್ತಿ ಗೊತ್ತಿಲ್ಲ, ಗಾಯ ಗೊತ್ತದಾವ. ಮೊದಲನೇ ಪೋಸ್ಟಿನ್ಯಾಗ "ನನಗ ಗೊತ್ತಾಗಿದ್ದು ಮೂರೋ ನಾಕೋ" ಅಂದ್ರಲ್ಲ, ಅದು ಖರೇ. ಚಾಕು ಹಾಕಿಸಿಕೊಂಡು ಬಂದೋರು ಎಷ್ಟೋ ಮಂದಿ "ಗುದ್ದಿದ ಅಂತ ತಿಳದೆ ಸಿಸ್ಟರ್, ಅಂಗಿ ಒದ್ದಿ ಆದ ಮ್ಯಾಲ ಗೊತ್ತಾತು" ಅಂತಾರ. ಮತ್ತ ಅಂಗೈ, ಮುಂಗೈ ಮ್ಯಾಲ ಕುಯ್ದಿದ್ದು ಇದ್ದ ಇರತದ, ಅಡ್ಡ ಹಿಡದಾಗ ಆಗಿದ್ದು.

ಒಂದು ವಿನಂತಿ. ಏನ ಪ್ರ್ಯಾಕ್ಟೀಸ್ ಮಾಡ್ರಿ, ಕಡೇದಾಗ ಐದು ನಿಮಿಷ ರಕ್ತ ನಿಲ್ಲಿಸೂದು ಕಲೀರಿ. ಸ್ವಚ್ಛ ಬಟ್ಟಿ ಗಾಯದ ಮ್ಯಾಲ ಇಟ್ಟು ಮೈ ಭಾರ ಹಾಕಿ ಒತ್ತೂದು, ನಡು ನಡುವ ಎತ್ತಿ ನೋಡಬಾರದು. ಬಟ್ಟಿ ತೊಯ್ದ್ರ ಅದರ ಮ್ಯಾಲ ಇನ್ನೊಂದು. ಚಾಕು ಒಳಗ ನಟ್ಟಿದ್ರ ಎಳೀಬ್ಯಾಡ್ರಿ, ಅದು ಹಂಗ ಇರಲಿ, ಸುತ್ತ ಬಟ್ಟಿ ಒತ್ತಿ ಅಳ್ಳಾಡದಂಗ ಹಿಡೀರಿ. ಅರಿಷಿಣಪುಡಿ, ಕಾಫಿಪುಡಿ ತುಂಬಕೊಂಡು ಬರೋರು ಇನ್ನೂ ಅದಾರ, ಅದನ್ನ ತಗದು ತೊಳಿಯೂದ್ರಾಗ ನಮ್ಮ ಟೈಮ್ ಹೋಗತದ. 108ಕ್ಕ ಫೋನ್ ಮಾಡ್ರಿ, ಮಲಗಿಸಿ ಮೈ ಬೆಚ್ಚಗ ಇಡ್ರಿ, ನೀರು ಕುಡಿಸಬ್ಯಾಡ್ರಿ.

ಬೆಟಗೇರಿ_ತಾಲೀಮು:
ತಂಗಿ, ನೀರ ಯಾಕ ಕುಡಿಸಬಾರದು? ನಮ್ಮ ಕಡೆ ಮೊದಲ ನೀರ ಕೊಡ್ತಾರ.

ಕ್ಯಾಜುವಾಲ್ಟಿ_ನೈಟ್_ಡ್ಯೂಟಿ:
ಕಾಕಾ, ಹೊಟ್ಟಿಗೆ ಗಾಯ ಆಗಿದ್ರ ಒಳಗ ಏನ ಹರದದ ಗೊತ್ತಿರಂಗಿಲ್ಲ, ಮತ್ತ ಆಪರೇಶನ್ ಮಾಡಬೇಕಾದ್ರ ಅರವಳಿಕಿ ಕೊಡೂ ಮುಂದ ಹೊಟ್ಟಿ ಖಾಲಿ ಇರಬೇಕು, ಇಲ್ಲಾಂದ್ರ ವಾಂತಿ ಉಸಿರಿನ ನಳಿಗೆ ಹೋಗತದ. ತುಟಿ ಒದ್ದಿ ಬಟ್ಟೀಲೆ ಒರಸ್ರಿ, ಸಾಕು.

ರಾಣೆಬೆನ್ನೂರ_ಮಾಜಿ_ಸೈನಿಕ:
21 ಅಡಿ ಲೆಕ್ಕ ಕೇಳಿರಬೇಕು ನೀವು. ಅಮೆರಿಕಾದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಡೆನ್ನಿಸ್ ಟ್ಯೂಲರ್ ಅನ್ನೋರು 1983ರಾಗ ಬರದಿದ್ದು. ಚಾಕು ಹಿಡದಾಂವ 21 ಅಡಿ ದೂರ ಇದ್ರೂ ಸುಮಾರು ಒಂದೂವರಿ ಸೆಕೆಂಡಿನ್ಯಾಗ ನಿನ್ನ ಮೈಮ್ಯಾಲ ಬರತಾನ, ಅಷ್ಟರಾಗ ಪೊಲೀಸನ ಕೈಗೆ ಪಿಸ್ತೂಲ್ ಬಂದ್ರ ಬಂತು ಅಂತ ಅವರು ಓಡಿಸಿ ನೋಡಿ ಹೇಳಿದ್ರು. ಆರೂವರಿ ಮೀಟರ್ ಹತ್ರ ಹತ್ರ ಆತು. ನಾವು ಮಾತಾಡಾಕತ್ತಿದ್ದು ಒಂದು ಗೇಣು ದೂರದ್ದು. ಅಲ್ಲಿ ಕಣ್ಣಿನಿಂದ ನೋಡಿ ತಡಿಯೂದು ಆಗದ ಮಾತು, ಮೈಗೆ ಮೈ ಹಚ್ಚಿ ಕೈಲೆ ತಿಳಕೋಬೇಕು.

ನಮ್ಮಲ್ಲಿ ಮಾಡ್ತಿದ್ದ ಪದ್ಧತಿ ಹೇಳ್ತೇನಿ. ಇಬ್ಬರಿಗೂ ಬಿಳಿ ಹಳೇ ಬನಿಯನ್, ಚಾಕು ಬದಲಿ ದಪ್ಪನ್ನ ಕೆಂಪ ಮಾರ್ಕರ್ ಪೆನ್ನು. ಮುಚ್ಚಳ ತಗದು ಬಿಡೂದು. ಮೂವತ್ತು ಸೆಕೆಂಡಿನ ಸುತ್ತು, ಸೀಟಿ ಊದಿದ್ರ ನಿಲ್ಲಬೇಕು. ಆಮ್ಯಾಲ ಬನಿಯನ್ ಮ್ಯಾಲ ಎಣಸೂದು. ಯಾರೂ ವಾದ ಮಾಡಾಕ ಬರಂಗಿಲ್ಲ. ಕಣ್ಣಿಗೆ ಗಾಗಲ್ ಕಡ್ಡಾಯ. ರಬ್ಬರ್ ಚಾಕು ಮೆತ್ತಗ ಇರತೈತಿ ಅಂತ ಎಲ್ಲಾರೂ ಗಾಗಲ್ ಬಿಡ್ತಾರ, ಕಣ್ಣಿಗೆ ಬಡದ್ರ ಅದೂ ಸಾಕು ಕಣ್ಣು ಕೆಡಸಾಕ. ಮತ್ತ ಖರೇ ಚಾಕು, ಮೊಂಡ ಇದ್ರೂ, ಆ ಹಾಲ್ ನ್ಯಾಗ ಇರಬಾರದು. ಸುತ್ತು ಚಾಲೂ ಆಗೂ ಮೊದಲ ಎಲ್ಲಾರ ಕಿಸೆ ಮೂರನೇ ಮನಷಾ ಒಬ್ಬ ಮುಟ್ಟಿ ನೋಡಬೇಕು.

ನವಲಗುಂದ_ಹುಡುಗ:
ಸರ ಮಾರ್ಕರ್ ಬ್ಯಾರೆ ಚಾಕು ಬ್ಯಾರೆ ಅಲ್ರೀ. ಪೆನ್ನಿಗೆ ಯಾರೂ ಹೆದರೂದಿಲ್ಲ, ಒಂದು ಗೆರಿ ಬಿದ್ರ ಬೀಳಲಿ ಅಂತ ಒಳಗ ನುಗ್ಗತಾರ.

ರಾಣೆಬೆನ್ನೂರ_ಮಾಜಿ_ಸೈನಿಕ:
ಬರೋಬ್ಬರಿ ಹೇಳ್ದಿ. ಅದಕ್ಕ ನಾವು ಶಿಕ್ಷಾ ಹಾಕತಿದ್ವಿ, ಹೊಟ್ಟಿ, ಎದಿ, ಕುತ್ತಿಗಿ ಮ್ಯಾಲ ಪ್ರತಿ ಗೆರಿಗೆ ಇಪ್ಪತ್ತು ಡಿಪ್ಸ್. ಕೈ ಮ್ಯಾಲಿನ ಗೆರಿಗೆ ಐದು. ಎರಡನೇ ದಿನಕ್ಕ ಎಲ್ಲಾರೂ ಪೆನ್ನಿಗೆ ಹೆದರತಾರ.

ಲೈನ್_ಬಜಾರ್_ವಕೀಲ:
ಕಾನೂನಿನ ಮಾತು ಬರಲಿಲ್ಲ ಅಂತ ನಾನು ಹೇಳ್ತೇನಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿ ಐತಿ, ಆತ್ಮರಕ್ಷಣೆ ಹಕ್ಕು ಅದರ 34ರಿಂದ 44ನೇ ಕಲಂ ತನ. ಹಳೇ ಐಪಿಸಿಯೊಳಗ 96ರಿಂದ 106 ಇತ್ತಲ್ಲ, ಅದ. ಜೀವ ಹೋಗೂ ಇಲ್ಲಾ ಭಾರಿ ಗಾಯ ಆಗೂ ಭಯ ಖರೇನ ಇದ್ರ 38ನೇ ಕಲಂ ನಿಮ್ಮ ಬೆನ್ನಿಗೆ ಐತಿ. ಆದ್ರ 37ನೇ ಕಲಂ ಓದ್ರಿ, ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಮಾಡಂಗಿಲ್ಲ. ಚಾಕು ನಿಮ್ಮ ಕೈಗೆ ಬಂತು, ಅಂವ ಓಡಾಕತ್ತಾನ, ನೀವು ಬೆನ್ನ ಹತ್ತಿ ಚುಚ್ಚಿದ್ರಿ ಅಂದ್ರ ಅಲ್ಲಿಗೆ ರಕ್ಷಣೆ ಮುಗೀತು, ಕೇಸು ನಿಮ್ಮ ಮ್ಯಾಲ. ಇದನ್ನ ತಾಲೀಮಿನ್ಯಾಗೂ ಇಡ್ರಿ. ಚಾಕು ಕೆಳಗ ಬಿದ್ದ ಮ್ಯಾಲ ಅದನ್ನ ಎತ್ತಿಕೊಂಡು ತಿರಗಿ ಹೊಡಿಯೂ ರೂಢಿ ಹುಡುಗರಿಗೆ ಹಚ್ಚಬ್ಯಾಡ್ರಿ, ಒದ್ದು ದೂರ ಸರಿಸಿ ಹೊರಗ ಹೋಗೂದು ಹಚ್ಚ್ರಿ. 112ಕ್ಕ ಮೊದಲ ಫೋನ್ ನೀವ ಮಾಡ್ರಿ.

ದುರ್ಗದಬೈಲ್_71:
ವಕೀಲ್ರ, ನಾವೂ ಒಂದು ಸಣ್ಣ ಚಾಕು ಇಟ್ಕೊಂಡ್ರ?

ಲೈನ್_ಬಜಾರ್_ವಕೀಲ:
9 ಇಂಚಿಗಿಂತ ಉದ್ದ ಇಲ್ಲಾ 2 ಇಂಚಿಗಿಂತ ಅಗಲದ ಅಲಗು, ಮನಿ ಇಲ್ಲಾ ಹೊಲದ ಕೆಲಸದ್ದಲ್ಲ ಅಂದ್ರ ಅದು ಆಯುಧ ನಿಯಮದಾಗ ಬರತೈತಿ. ಸಣ್ಣದಿದ್ರೂ ಬ್ಯಾಡ ಅಂತೇನಿ. ಜಗಳ ಆದ ಮ್ಯಾಲ "ತಯಾರಾಗೇ ಬಂದಿದ್ದ" ಅನ್ನೋ ಮಾತು ಬರತೈತಿ, ಅದನ್ನ ತಗದು ಹಾಕೂದು ಭಾಳ ಕಷ್ಟ.

ಲಕ್ಕುಂಡಿ_ಮಾಸ್ತರ:
ವಿಷಯಕ್ಕ ಸ್ವಲ್ಪ ಹೊರಗ ಹೋಗ್ತೇನಿ, ಆದ್ರ ಸಂಬಂಧ ಐತಿ. ನೆಲದ ಮ್ಯಾಲ ಆಯುಧ ಅನ್ನೂದು ಹೊಸಾ ಪ್ರಶ್ನಿ ಅಲ್ರಿ. ಮೈಸೂರಾಗ ವಿಜಯದಶಮಿ ದಿನ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೀತೈತಿ, ತಲಿ ಬೋಳಿಸಿಕೊಂಡು, ಮುಷ್ಟಿಯೊಳಗ ಮೊನಚಿದ್ದ ಆಯುಧ ಹಿಡದು ಕುಸ್ತಿ, ಒಬ್ಬನ ತಲಿಯಿಂದ ರಕ್ತ ಬಂದ ಕೂಡ್ಲೆ ನಿಲ್ಲಿಸ್ತಾರ. ಜಟ್ಟಿಗೆ ಆಯುಧ ಇದ್ದ ಕೈ ಯಾವುದು ಅನ್ನೂದ ಮೊದಲನೇ ಲೆಕ್ಕ. ಜಪಾನಿನ ಜುಜುತ್ಸು ಹುಟ್ಟಿದ್ದೂ ಹಂಗ, ಕವಚ ಹಾಕಿದ ಸಿಪಾಯಿಗಳು ಒಬ್ಬರನ್ನೊಬ್ಬರು ಕೆಡವಿ ಕಠಾರಿ ಬಳಸತಿದ್ರು. ಅದು ಆಟ ಆದ ಮ್ಯಾಲ ಕಠಾರಿ ಬಿಟ್ಟು ಹೋತು.

ನಮ್ಮ ಕಲ್ಯಾಣದ ಚಾಲುಕ್ಯ ದೊರಿ ಮೂರನೇ ಸೋಮೇಶ್ವರ, 1126ರಿಂದ 1138ರ ತನ ಆಳಿದವರು, ಅವರ ಮಾನಸೋಲ್ಲಾಸದೊಳಗ ಮಲ್ಲವಿನೋದ ಅಂತ ಒಂದು ಭಾಗ ಐತಿ, ಪೈಲವಾನರ ದರ್ಜೆ, ಊಟ, ಕಸರತ್ತು ಎಲ್ಲಾ ಬರದಾರ. ಆಯುಧ ಹಿಡದು ಕಾದಾಡೂದಕ್ಕ ಅಂಕವಿನೋದ ಅಂತ ಬ್ಯಾರೆ ಭಾಗ. ಆಗಲೇ ಇವೆರಡನ್ನೂ ಬ್ಯಾರೆ ಬ್ಯಾರೆ ಇಟ್ಟಿದ್ರು ಅನ್ನೂದು ನನಗ ಲಕ್ಷಕ್ಕ ಬಂದಿದ್ದು.

ಹಾನಗಲ್ಲ_ಹೋರಿ:
ಮಾಸ್ತರ ಚಲೋ ಹೇಳಿದ್ರಿ. ನಮ್ಮ ಕಡೆ ಹೋರಿ ಹಬ್ಬದಾಗ ಕೊಬ್ರಿ ಹರಿಯೋರನ್ನ ನೋಡ್ರಿ, ಕೋಡು ಕಣ್ಣಿಗೆ ಕಾಣದಿದ್ರೂ ಮೈ ಹಚ್ಚಿ ಓಡತಿರ್ತಾರ. ಹೆದರಿ ಅರ್ಧ ದೂರದಾಗ ನಿಂತಾಂವಗ ಕೋಡು ಬೀಳತೈತಿ. ಪೂರ್ತಿ ಹೊರಗ ಇರಬೇಕು ಇಲ್ಲಾ ಪೂರ್ತಿ ಹತ್ತಿ ಅಂಟಬೇಕು.

ಬೆಟಗೇರಿ_ತಾಲೀಮು:
ಹೌದು, ಚಾಕುವಿಗೂ ಇದ ಐತಿ. ಅರ್ಧ ಕೈ ದೂರ ಅನ್ನೂದು ಅವಂದು. ಕೆಳಗ ಬಿದ್ದಾಗ ಒಂದು ಪೂರ್ತಿ ಕಾಲು ಚಾಚಿ ಅವನ ಮೊಣಕಾಲಿಗೆ, ಟೊಂಕಕ್ಕ ಒದ್ದು ದೂರ ಇಡಬೇಕು, ಇಲ್ಲಾ ಅವನ ಕೈನ ಕಂಕಳದಾಗ ಸಿಗಿಸಿ ಮೈಗೆ ಅಂಟಿಸಿಕೋಬೇಕು. ಕಾಲಿಗೆ ಗಾಯ ಆಗತೈತಿ ಅಂತೀರಿ, ಆಗತೈತಿ. ಹೊಟ್ಟಿಗೆ ಆಗೂಕಿಂತ ಕಾಲಿಗೆ ಆಗಲಿ.

ಗೋಕುಲರೋಡ್_26:
ಗರಡಿಮನಿ ಮಾತು ಬಂತಲ್ಲ, ಕಾಕಾ ನಿಮ್ಮ ಕಣದ ಮಣ್ಣಿಗೆ ಏನೇನ ಹಾಕ್ತೀರಿ? ನಮ್ಮಜ್ಜ ಮಜ್ಜಿಗಿ ಅರಿಷಿಣ ಅಂತಿದ್ರು.

ಬೆಟಗೇರಿ_ತಾಲೀಮು:
ಕೆಂಪ ಮಣ್ಣು ಜರಡಿ ಹಿಡದು ಎಣ್ಣಿ, ಮಜ್ಜಿಗಿ, ಅರಿಷಿಣ, ಲಿಂಬಿಹಣ್ಣು. ಪ್ರತಿ ತಾಲೀಮಿಗೂ ಅದರದ ಒಂದು ಅಳತಿ ಇರತೈತಿ. ಈಗ ಹುಡುಗರು ಮ್ಯಾಟ್ ಬೇಕಂತಾರ, ಸ್ಪರ್ಧೆ ಎಲ್ಲಾ ಮ್ಯಾಟಿನ ಮ್ಯಾಲ, ತಪ್ಪಲ್ಲ. ನಮ್ಮ ಜಿಲ್ಲಾದ ಅಸುಂಡಿ ಹುಡುಗ್ಯಾರು ಕುಸ್ತ್ಯಾಗ ಎಷ್ಟ ಹೆಸರ ಮಾಡ್ಯಾರ, ಅವರನ್ನ ನೋಡಿ ನಮ್ಮ ತಾಲೀಮಿನ್ಯಾಗೂ ಈಗ ಐದು ಹುಡುಗ್ಯಾರು ಅದಾರ. ನಾನು ಸಣ್ಣಾಂವ ಇದ್ದಾಗ ಹೆಣ್ಣಮಕ್ಕಳು ಬಾಗಲ ದಾಟತಿರಲಿಲ್ಲ.

ಸಪ್ತಾಪುರ_ಜೂಡೋ:
ಕಾಕಾ, ಅದನ್ನ ಓದಿ ಭಾಳ ಖುಷಿ ಆತ್ರಿ. ಒಂದು ದಿನ ನಮ್ಮ ಹುಡುಗ್ಯಾರನ್ನ ಕರ್ಕೊಂಡು ಬರ್ತೇನಿ.

ಈಗ ತಾಂತ್ರಿಕ ಪ್ರಶ್ನಿ. ಎದಿ ಮ್ಯಾಲ ಕುಂತಾನ, ಚಾಕು ಬಲಗೈಯಾಗ. ನಾನು ಮಾಡಿ ನೋಡಿದ್ದು: ಅವನ ಚಾಕು ಕೈನ ನನ್ನ ಎರಡೂ ಕೈಲೆ ಹಿಡದು, ಅಲಗು ಹೊರಗ ಮಾಡಿ ಎದಿಗೆ ಅವಚಿಕೊಂಡು, ಅದ ಬದಿಯ ಅವನ ಕಾಲಿಗೆ ನನ್ನ ಕಾಲು ಅಡ್ಡ ಹಚ್ಚಿ, ಟೊಂಕ ಎತ್ತಿ ಅದ ಬದಿಗೆ ಹೊಳ್ಳಸೂದು. ಆ ಕೈ ನನ್ನ ಕಡೆ ಸಿಕ್ಕಿರೂದಕ್ಕ ನೆಲಕ್ಕ ಊರಾಕ ಅವಗ ಕೈ ಇರಂಗಿಲ್ಲ, ಬೀಳತಾನ. 75 ಕೆಜಿಯವರ ಮ್ಯಾಲ ನಡೀತು, ನಾನು 54. ಆದ್ರ ಅವರು ಇನ್ನೊಂದು ಕೈಲೆ ಮಾರಿಗೆ ಗುದ್ದಾಕ ಚಾಲೂ ಮಾಡಿದ್ರ ನನ್ನ ಎರಡೂ ಕೈ ಬಿಜಿ. ಗುದ್ದು ತಿಂದರೂ ಚಾಕು ಕೈ ಬಿಡಬಾರದು ಅಂತ ನನ್ನ ಅಭಿಪ್ರಾಯ. ಬ್ಯಾರೆ ಏನರ ದಾರಿ ಅದೇನ್ರಿ?

ಉಣಕಲ್_ಪಟ್ಟು:
ಅಕ್ಕಾರ ನಿಮ್ಮದ ಸರಿ ಅನ್ನಸ್ತೈತಿ. ತಲಿ ಅವನ ಎದಿಗೆ ಒತ್ತಿ ಹಿಡದ್ರ ಗುದ್ದು ಕಮ್ಮಿ ಬೀಳತಾವ, ಟ್ರೈ ಮಾಡ್ರಿ.

ಕಿಲ್ಲಾ_ಓಣಿ:
ನನಗ ಇದೆಲ್ಲಾ ಓದಿ ಹೆದರಿಕಿ ಬರಾಕತ್ತೈತಿ. ಹುಡುಗರಿಗೆ ಚಾಕು ಹೆಂಗ ಆಡಿಸಬೇಕು ಅಂತ ಕಲಿಸಿದಂಗ ಆಗಲಿಲ್ಲೇನ್ರಿ? ಮೊದಲ ಓಣ್ಯಾಗ ಮಾತಿಗೆ ಮಾತು ಬೆಳೆದ್ರ ಬಟನ್ ಚಾಕು ತಗಿಯೂ ಹುಡುಗರು ಅದಾರ.

ಬೆಟಗೇರಿ_ತಾಲೀಮು:
ನಿಮ್ಮ ಮಾತು ಬರೋಬ್ಬರಿ ಅದಕ್ಕ ನಾನು ಹದಿನೆಂಟರ ಒಳಗಿನವರಿಗೆ ಇದನ್ನ ಹೇಳೂದುಲ್ಲ. ದೊಡ್ಡವರೊಳಗೂ ಯಾರಿಗೆ ಸಿಟ್ಟು ಮೂಗಿನ ತುದ್ಯಾಗ ಐತಿ ಅವರನ್ನ ಚಾಕು ಹಿಡಿಯಾಕ ನಿಲ್ಲಸೂದುಲ್ಲ, ವಸ್ತಾದಗ ತನ್ನ ಹುಡುಗರು ಗೊತ್ತಿರಬೇಕು. ಆದ್ರ ಒಂದು ಮಾತು, ಎರಡು ನಿಮಿಷದಾಗ ತನ್ನ ಬನಿಯನ್ ಮ್ಯಾಲ ಇಪ್ಪತ್ತು ಕೆಂಪ ಗೆರಿ ನೋಡಿಕೊಂಡ ಹುಡುಗ ಜಗಳಕ್ಕ ಹೋಗೂದು ಕಮ್ಮಿ ಮಾಡ್ತಾನ. ನನ್ನ ಕಣ್ಣಾರೆ ಕಂಡೇನಿ.

ಬ್ಯಾಡಗಿ_ಖಾರ:
ಎಲ್ಲಾರಿಗೂ ಒಂದು ವಿಷಯ ಹೇಳಬೇಕಾಗೈತಿ. ನಿನ್ನೆ ನಮ್ಮ ತಮ್ಮನ ಕೈಯಾಗ ಹಳೇ ಟೂತ್ ಬ್ರಶ್ ಕೊಟ್ಟು "ಜೋರ್ಲೆ ಎಳಕೋ, ಸುಮ್ನ ನಿಲ್ಲಬ್ಯಾಡ" ಅಂದೆ. ಮಣಿಕಟ್ಟು ಮಡಚೂದು ಹತ್ತು ಸಲದಾಗ ಒಮ್ಮೆನೂ ಆಗಲಿಲ್ಲ. ಕೈ ಹಿಡಿಯೂದ ಆಗಲಿಲ್ಲ, ಮಡಚೂದು ದೂರ. ಸಪ್ತಾಪುರ ಅಕ್ಕಾರ ಕೇಳಿದ ಪ್ರಶ್ನಿಗೆ ಇದು ಉತ್ತರ. ಫೀ ಕೊಟ್ಟು ಕಲತಿದ್ದು, ಮನಸ್ಸಿಗೆ ಹತ್ತೇತಿ.

ರಾಣೆಬೆನ್ನೂರ_ಮಾಜಿ_ಸೈನಿಕ:
ತಮ್ಮಾ ಮಾಡಿ ನೋಡಿ ಹೇಳಿದಿ, ಭಾಳ ಮಂದಿ ಅಷ್ಟೂ ಮಾಡೂದುಲ್ಲ. ಮುಂದಿನ ಸಲ ಅಂಗೈಲೆ ಹಿಡಿಯೂದು ಬಿಡು, ಮೊಣಕೈ ಮಡಚಿ ಅದರಾಗ ಅವನ ತೋಳು ಸಿಗಿಸು. ಯಾಕ ಅಂತ ತಿಳಕೋಬೇಕಂದ್ರ ಇಬ್ಬರ ಕೈಗೂ ಕೊಬ್ರಿ ಎಣ್ಣಿ ಹಚ್ಚಿ ಮಾಡಿ ನೋಡ್ರಿ. ರಕ್ತ, ಬೆವರು ಆದ ಮ್ಯಾಲ ಬೊಟ್ಟಿನ ಹಿಡತ ನಿಲ್ಲೂದುಲ್ಲ.

ಉಣಕಲ್_ಪಟ್ಟು:
ಮೂರು ರವಿವಾರ ಆದ ಮ್ಯಾಲ ಬರೀಲಾಕತ್ತೇನಿ. ನೀವು ಹೇಳಿದ್ದು ಎಲ್ಲಾ ಕೂಡಿಸಿ ಮಾಡಿದ್ವಿ. ಗಾಗಲ್, ಮಾರ್ಕರ್, ಬಿಳಿ ಬನಿಯನ್, ಸೀಟಿ ಊದಾಕ ಒಬ್ಬ. ಮೊದಲನೇ ವಾರ ಚಾಕು ಕೈಯಾಗ ಹಿಡದ ಚಾಲೂ ಮಾಡಿದ್ವಿ, ಅರ್ಧ ಜೋರು. ಎರಡನೇ ವಾರ ಪೂರ್ತಿ ಜೋರು. ಮೂರನೇ ವಾರ ಹತ್ತು ಸುತ್ತಿನ್ಯಾಗ ಎರಡರಾಗ ಅಷ್ಟ ಚಾಕು, ಯಾವ ಎರಡು ಅಂತ ಸೀಟಿ ಊದಾಂವಗ ಮತ್ತ ಹಿಡದಾಂವಗ ಅಷ್ಟ ಗೊತ್ತು. ಇದರಾಗ ಭಾಳ ಕಲತ್ವಿ. ಚಾಕು ಇಲ್ಲದ ಸುತ್ತಿನ್ಯಾಗೂ ಈಗ ಎಲ್ಲಾರೂ ಕೈ ನೋಡತಾರ, ಟೊಂಕದ ಹತ್ರ ಕೈ ಹೋದ್ರ ಅದರ ಮ್ಯಾಲ ಬೀಳತಾರ.

ನನ್ನ ಬನಿಯನ್ ಲೆಕ್ಕ, ಮೂವತ್ತು ಸೆಕೆಂಡಿಗೆ: ಮೊದಲನೇ ವಾರ ಸರಾಸರಿ ಹನ್ನೊಂದು ಗೆರಿ, ಎಲ್ಲಾ ಹೊಟ್ಟಿ ಪಕ್ಕೆಲುಬು. ಮೂರನೇ ವಾರ ನಾಕು ಐದು, ಅದರಾಗ ಮೂರು ತೋಳ ಮ್ಯಾಲ. ಸೊನ್ನೆ ಒಮ್ಮೆನೂ ಬರಲಿಲ್ರಿ. ಯಾರಿಗೂ ಬರಲಿಲ್ಲ, ನಮ್ಮೊಳಗ ವರ್ಷಗಟ್ಟಲೆ ಕಲತು ಪರ್ಪಲ್ ಬೆಲ್ಟ್ ದರ್ಜೆ ಪಡದಾಂವಗೂ.

ಆಟದಾಗ ನಾವು ನಂಬಿದ ಎರಡು ಪಟ್ಟು ಕೈ ಕೊಟ್ಟವು. ಹಿಂದಿಂದ ಕುತ್ತಿಗಿ ಹಿಡದು ಚೋಕ್ ಹಾಕಿದ್ರ ಅಂವ ಚಾಕು ಹಿಂದ ತಂದು ನನ್ನ ತೊಡಿಗೆ ಚುಚ್ಚಿದ, ಆರು ಸಲ, ಚೋಕ್ ಹತ್ತೂದ್ರಾಗ. ಆರ್ಮ್ ಬಾರ್ (ಮೊಣಕೈ ಉಲ್ಟಾ ಒತ್ತೂ ಪಟ್ಟು) ಹಾಕಿದಾಗ ಕೈ ಉದ್ದ ಆತು ಖರೇ, ಆದ್ರ ಅಂವ ಪೆನ್ನು ಇನ್ನೊಂದು ಕೈಗೆ ದಾಟಿಸಿಕೊಂಡ. ನಡದಿದ್ದು ಯಾವುದಂದ್ರ ಕಾಕಾ ಹೇಳಿದ್ದು, ತೋಳು ಕಂಕಳದಾಗ ಸಿಗಿಸೂದು, ಮತ್ತ ಮ್ಯಾಲ ಬಂದಾಗ ಅವನ ದಂಡಿ ಮ್ಯಾಲ ಮೊಣಕಾಲು ಊರಿ ಕೈ ನೆಲಕ್ಕ ಹಚ್ಚೂದು. ಅಲ್ಲಿಂದ ಕಸಗೊಳ್ಳಾಕ ನಿಂತಾಗೆಲ್ಲಾ ಮತ್ತ ಗೆರಿ ಬಿದ್ದಾವ, ಬಿಟ್ಟು ಎದ್ದು ಬಾಗಲಕ್ಕ ಓಡಿದಾಗ ಬಿದ್ದಿಲ್ಲ. ಈಗ ನಮ್ಮ ನಿಯಮ, ಯಾರು ಬಾಗಲ ಮುಟ್ಟತಾರ ಅವರು ಗೆದ್ದಂಗ.

ಕ್ಯಾಜುವಾಲ್ಟಿ ಸಿಸ್ಟರ್ ಹೇಳಿದಂಗ ಕಡೇಕ ಐದು ನಿಮಿಷ ಬಟ್ಟಿ ಒತ್ತೂದೂ ಮಾಡಿದ್ವಿ. ಒಬ್ಬಾಂವಗ ಮೊಣಕೈ ಉಳುಕೇತಿ, ಮತ್ತೇನೂ ಆಗಿಲ್ಲ.

ಸಪ್ತಾಪುರ_ಜೂಡೋ:
ಬಾಗಲ ಮುಟ್ಟೂ ನಿಯಮ ನಾನೂ ನಾಳಿಂದ ಹಚ್ಚತೇನಿ. ನಿಮ್ಮ ಹಾಲ್ ನ್ಯಾಗ ಹುಡುಗ್ಯಾರು ಬಂದ್ರ ನಡೀತದೇನ್ರಿ? ಆರು ಮಂದಿ ಅದಾರ, ಎಲ್ಲಾರೂ ಹದಿನೆಂಟು ದಾಟಿದವರು. ತಮ್ಮಷ್ಟ ತೂಕದವರ ಜೊತಿ ಅಷ್ಟ ಮಾಡಿದ್ರ ಅವರಿಗೆ ಖರೇದ್ದು ತಿಳಿಯೂದುಲ್ಲ.

ಉಣಕಲ್_ಪಟ್ಟು:
ಬರ್ರಿ ಅಕ್ಕಾರ, ರವಿವಾರ ಮುಂಜಾನೆ ಏಳಕ್ಕ. ಧಾರವಾಡದಿಂದ ಚಿಗರಿ ಬಸ್ ಹತ್ತಿ ಉಣಕಲ್ ನ್ಯಾಗ ಇಳೀರಿ, ಅಲ್ಲಿಂದ ನಡಕೊಂತ ಹತ್ತು ನಿಮಿಷ. ಮೊದಲನೇ ದಿನ ಅವರ ಜೋಡಿ ಯಾರ ಇರಬೇಕು ಅಂತ ನೀವ ಆರಸ್ರಿ, ನಾವು ಹೇಳೂದು ಬ್ಯಾಡ.

ಬ್ಯಾಡಗಿ_ಖಾರ:
ನಾನೂ ಬರಬಹುದೇನ್ರಿ? ಮುಂಜಾನೆ ಟ್ರೇನಿಗೆ ಬಂದ್ರ ಎಂಟಾಗತೈತಿ.

ಉಣಕಲ್_ಪಟ್ಟು:
ಬಾ ಅಣ್ಣಾ, ಎಂಟಕ್ಕ ಬಂದ್ರೂ ನಡೀತೈತಿ. ಎರಡು ಹಳೇ ಬಿಳಿ ಬನಿಯನ್ ತಗೊಂಡು ಬಾ, ಮಾರ್ಕರ್ ಕಲೆ ತೊಳದ್ರ ಹೋಗೂದುಲ್ಲ.